ಎಳ್ಳಿಗೆ ಹಿಡಿದ ಮಲ್ಲಿಗೆ

ಕನ್ನಡದಲ್ಲಿ ‘ವಾಸನೆ’ ಎಂಬ ಒಂದೇ ಪದ ಮೂಗಿಗೂ ಮನಸ್ಸಿಗೂ ಸೇರಿದ್ದಾಗಿದೆ. ಮೂಗು ಗ್ರಹಿಸುವ ಗಂಧವನ್ನು ವಾಸನೆ ಎನ್ನುವಂತೆಯೇ, ಹಿಂದಿನ ಅನುಭವಗಳು ಮನಸ್ಸಿನಲ್ಲಿ ಉಳಿಸಿಹೋದ ಮತ್ತು ಮನುಷ್ಯನ ನಡೆನುಡಿಯನ್ನು ಒಳಗಿನಿಂದಲೇ ತಿದ್ದುವ ಸಂಸ್ಕಾರವನ್ನೂ ದರ್ಶನಶಾಸ್ತ್ರಗಳು ವಾಸನೆ ಎಂದೇ ಕರೆದಿವೆ. ‘ಪೂರ್ವಜನ್ಮದ ವಾಸನೆ’ ಎಂಬ ಮಾತು ಇಂದಿಗೂ ಮನೆಮಾತಿನಲ್ಲಿ ಉಳಿದಿದೆ. ಈ ಎರಡು ಅರ್ಥಗಳನ್ನು ಕೂಡಿಸುವ ಕೊಂಡಿ ಸುಗಂಧ ತಯಾರಿಕೆಯ ಒಂದು ಹಳೆಯ ಪದ್ಧತಿಯಲ್ಲಿ ಸಿಗುತ್ತದೆ. ಹೊಟ್ಟು ತೆಗೆದು ಒಣಗಿಸಿದ ಎಳ್ಳನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಅದರ ಮೇಲೆ ಆಗತಾನೆ ಬಿರಿದ ಮಲ್ಲಿಗೆಯನ್ನು ಹಾಸಿ, ಮತ್ತೆ ಎಳ್ಳು, ಮತ್ತೆ ಹೂವು ಎಂದು ಪದರ ಪದರವಾಗಿ ಒಟ್ಟಿ, ರಾತ್ರಿ ಕಳೆದ ಮೇಲೆ ಬಾಡಿದ ಹೂವನ್ನು ಆರಿಸಿ ತೆಗೆದು ಹೊಸ ಹೂವನ್ನು ಹಾಸುತ್ತಾರೆ. ಹೀಗೆ ಹಲವು ಸಲ ಮಾಡಿದ ಮೇಲೆ ಆ ಎಳ್ಳನ್ನು ಗಾಣಕ್ಕೆ ಹಾಕಿದರೆ ಇಳಿಯುವ ಎಣ್ಣೆ ಮಲ್ಲಿಗೆಯ ಕಂಪನ್ನು ಹೊತ್ತಿರುತ್ತದೆ. ಉತ್ತರ ಭಾರತದಲ್ಲಿ ಫುಲೇಲ್ ಎಂದು ಹೆಸರಾದ ಈ ಎಣ್ಣೆಯನ್ನು ಮಾಡುವ ಕ್ರಿಯೆಗೆ ಸಂಸ್ಕೃತದಲ್ಲಿ ‘ವಾಸನ’, ಅಂದರೆ ಗಂಧವನ್ನು ನೆಲೆಗೊಳಿಸುವುದು, ಎಂದೇ ಹೆಸರು. ಯೋಗಾಚಾರ ಪಂಥದ ಬೌದ್ಧ ದಾರ್ಶನಿಕರು ಕರ್ಮವು ಚಿತ್ತದಲ್ಲಿ ಹೇಗೆ ಉಳಿಯುತ್ತದೆ ಎಂಬುದನ್ನು ವಿವರಿಸಲು ಆರಿಸಿಕೊಂಡದ್ದು ಹೂವಿನ ಕಂಪು ಹಿಡಿದ ಈ ಎಳ್ಳನ್ನೇ.

ಹೂವಿನ ಸುಗಂಧಕ್ಕೂ ಅದನ್ನು ಪೂಸಿಕೊಂಡವರ ವ್ಯಕ್ತಿತ್ವಕ್ಕೂ ಇರುವ ಸಂಬಂಧವನ್ನು ಕುರಿತು ಇಂದು ಕೇಳಿಬರುವ ಮಾತುಗಳನ್ನು ತೂಗಿನೋಡಲು ಎಳ್ಳಿನ ಈ ದೃಷ್ಟಾಂತಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ. ನಾಗಪುರದ ರಾಮದಾಸಪೇಠ್‌ನಂಥ ಬಡಾವಣೆಯ ಅಂಗಡಿಗಳಲ್ಲಾಗಲಿ, ದೇಶದ ಯಾವುದೇ ನಗರದ ಮಳಿಗೆಗಳಲ್ಲಾಗಲಿ, ಸುಗಂಧದ ಸೀಸೆಯನ್ನು ಮಾರುವವರು ಅದರೊಂದಿಗೆ ಒಂದು ಸ್ವಭಾವವನ್ನೂ ಮಾರುತ್ತಾರೆ: ಗುಲಾಬಿ ಕೋಮಲ ಹೃದಯದವರಿಗೆ, ಮಲ್ಲಿಗೆ ಧೈರ್ಯವಂತೆಗೆ, ಕಿತ್ತಳೆಯ ಹೂವು ಹಸನ್ಮುಖಿಗೆ ಎಂಬಂತೆ. ಮನುಷ್ಯನ ಒಳಗೆ ಮೊದಲೇ ಸಿದ್ಧವಾಗಿರುವ ಒಂದು ಗುಣವನ್ನು ಹೂವು ಹೊರಗೆ ಸಾರುತ್ತದೆ ಎಂಬುದು ಈ ಮಾತುಗಳ ಹಿಂದಿರುವ ನಂಬಿಕೆ. ಆದರೆ ಎಳ್ಳಿನೊಳಗೆ ಮಲ್ಲಿಗೆ ಮೊದಲೇ ಇರುವುದಿಲ್ಲ. ಯಾವುದರ ಜೊತೆಯಲ್ಲಿ ಎಷ್ಟು ರಾತ್ರಿ ಕಳೆಯಿತೋ ಅದರ ಕಂಪು ಅದಕ್ಕೆ ಹಿಡಿಯುತ್ತದೆ. ಹೂವಿನ ಸುಗಂಧ ಹೇಳುವುದು ಧರಿಸಿದವರ ಹುಟ್ಟುಗುಣವನ್ನಲ್ಲ, ಅವರ ಒಡನಾಟವನ್ನು. ಅವರು ಬಾಳಿದ ಊರು, ಹವೆ, ಮನೆ ಮತ್ತು ಜನರನ್ನು.

ಪದಗಳ ವಿಚಾರದಲ್ಲಿಯೇ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಇಂದು ಕನ್ನಡದಲ್ಲಿ ಪರಿಮಳ, ಸೌರಭ, ಆಮೋದ, ಕಂಪು ಎಂಬ ಮಾತುಗಳು ಒಂದರ ಬದಲಿಗೆ ಇನ್ನೊಂದು ಎಂಬಂತೆ ಬಳಕೆಯಾಗುತ್ತಿದ್ದರೂ, ಅಮರಸಿಂಹನ ಪ್ರಸಿದ್ಧ ನಿಘಂಟಾದ ಅಮರಕೋಶವು ಪರಿಮಳ ಮತ್ತು ಆಮೋದಗಳನ್ನು ಬೇರೆಬೇರೆಯಾಗಿ ವಿವರಿಸುತ್ತದೆ. ಉಜ್ಜಿದಾಗ, ತೇಯ್ದಾಗ ಹೊಮ್ಮಿ ಜನರ ಮನಸ್ಸನ್ನು ಸೆಳೆಯುವ ಗಂಧ ಪರಿಮಳವಾದರೆ, ಅದೇ ಗಂಧ ಬಹುದೂರ ಹರಡುವಂಥದ್ದಾದರೆ ಅದು ಆಮೋದ. ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯುವವರ ಬಳಿ ಕುಳಿತವರಿಗೆ ಸಿಗುವುದು ಪರಿಮಳ. ಸಂಜೆ ಮಲ್ಲಿಗೆಯ ಚಪ್ಪರ ಬಿರಿದಾಗ ಬೀದಿಯ ತುದಿಯಲ್ಲಿ ನಡೆಯುವವರನ್ನೂ ತಡೆದು ನಿಲ್ಲಿಸುವುದು ಆಮೋದ. ಸುಗಂಧ ಧರಿಸುವವರ ಸ್ವಭಾವದ ಬಗ್ಗೆ ಏನಾದರೂ ತಿಳಿಯುವುದಿದ್ದರೆ ಅದು ಅವರು ಯಾವ ಹೂವನ್ನು ಆರಿಸಿದರು ಎಂಬುದಕ್ಕಿಂತ, ಅದನ್ನು ಪರಿಮಳವಾಗಿ ಇಟ್ಟುಕೊಂಡರೋ ಆಮೋದವಾಗಿ ಹರಡಿದರೋ ಎಂಬುದರಿಂದಲೇ ಹೆಚ್ಚು ತಿಳಿಯುತ್ತದೆ. ರಾಮದಾಸಪೇಠ್ ಮತ್ತು ಅದರ ನೆರೆಯ ಧಂತೋಲಿ ಆಸ್ಪತ್ರೆಗಳು ಒತ್ತೊತ್ತಾಗಿರುವ ಬಡಾವಣೆಗಳು. ಉಸಿರಾಟದ ತೊಂದರೆಯವರೂ ತಲೆನೋವಿನಿಂದ ನರಳುವವರೂ ಕಾದು ಕುಳಿತಿರುವ ಕೋಣೆಗೆ, ಮುಚ್ಚಿದ ಲಿಫ್ಟಿಗೆ, ತೀಕ್ಷ್ಣವಾದ ಆಮೋದವನ್ನು ಹೊತ್ತು ಹೋಗುವುದು ಎಷ್ಟೇ ಬೆಲೆಯ ಹೂವಿನದ್ದಾದರೂ ಪರರ ಉಸಿರಿನ ಮೇಲೆ ಮಾಡುವ ಬಲವಂತವೇ ಸರಿ.

ರಾಮದಾಸಪೇಠ್‌ನ ಪಕ್ಕದಲ್ಲಿರುವ ಸೀತಾಬರ್ಡಿ, ಕನ್ನಡನಾಡಿನ ಸುಗಂಧಶಾಸ್ತ್ರದ ಚರಿತ್ರೆಗೆ ಒಂದು ಅನಿರೀಕ್ಷಿತ ಬಾಗಿಲು. ಸೀತಾಬರ್ಡಿಯ ಹೆಸರಿನಿಂದಲೇ ವಿದ್ವಾಂಸರು ಗುರುತಿಸುವ ಶಕವರ್ಷ 1008ರ, ಅಂದರೆ ಕ್ರಿ.ಶ. 1087ರ ಸುಮಾರಿನ ಶಿಲಾಶಾಸನವೊಂದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯನ್ನು ಹೇಳುತ್ತದೆ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳುತ್ತಿದ್ದ ಕನ್ನಡ ಅರಸನ ಅಧಿಕಾರ ವಿದರ್ಭದವರೆಗೆ ಚಾಚಿತ್ತೆಂಬುದಕ್ಕೆ ಈ ಕಲ್ಲು ಸಾಕ್ಷಿ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನೇ 1129ರ ಹೊತ್ತಿಗೆ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದವನು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ‘ವಿಂಶತಿ’ಗಳಾಗಿ ವಿಭಾಗಗೊಂಡ ಈ ಗ್ರಂಥದ ಮೂರನೆಯ ವಿಂಶತಿ ರಾಜನ ಉಪಭೋಗಗಳಿಗೆ ಮೀಸಲು, ಸ್ನಾನ, ತಾಂಬೂಲ, ವಸ್ತ್ರ, ಆಭರಣಗಳ ಜೊತೆಯಲ್ಲಿ ಮೈಗೆ ಹಚ್ಚುವ ಗಂಧದ ಲೇಪಗಳಿಗೆ ‘ವಿಲೇಪನಭೋಗ’ವೆಂದೂ, ಮುಡಿಯುವ ಮತ್ತು ಧರಿಸುವ ಹೂಮಾಲೆಗಳಿಗೆ ‘ಮಾಲ್ಯಭೋಗ’ವೆಂದೂ ಅಲ್ಲಿ ಬೇರೆಬೇರೆ ಪ್ರಕರಣಗಳಿವೆ.

ಅದಕ್ಕೂ ಸುಮಾರು ನೂರು ವರ್ಷ ಮೊದಲು, 1025ರ ಸುಮಾರಿಗೆ, ಅದೇ ಚಾಲುಕ್ಯ ಮನೆತನದ ಜಯಸಿಂಹನ ಆಶ್ರಯದಲ್ಲಿ ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವನ್ನು ಕನ್ನಡದಲ್ಲಿಯೇ ಬರೆದ. ಶ್ರವಣಬೆಳಗೊಳದ ಚಾವುಂಡರಾಯನಿಗಿಂತ ಬೇರೆಯಾದ ಈ ಲೇಖಕ ಜ್ಯೋತಿಷ್ಯ, ವಾಸ್ತು, ಅಂತರ್ಜಲದ ಶೋಧ, ಗಿಡಮರಗಳ ಆರೈಕೆ ಮತ್ತು ಅಡುಗೆಯ ಸಾಲಿನಲ್ಲಿ ಸುಗಂಧ ತಯಾರಿಕೆಗೂ ಜಾಗ ಕೊಟ್ಟಿದ್ದಾನೆ. ಇದರ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆಯೇ. ಬಾವಿ ತೋಡುವುದು, ಸಾರು ಕುದಿಸುವುದು, ಕಂಪು ಕೂಡಿಸುವುದು ಮೂರೂ ಒಂದೇ ಪುಸ್ತಕದಲ್ಲಿ, ಅದೂ ಲೋಕಕ್ಕೆ ಉಪಕಾರವಾಗುವ ವಿದ್ಯೆಗಳೆಂಬ ಹೆಸರಿನಲ್ಲಿ ಬಂದಿರುವುದರಿಂದ, ಸುಗಂಧವು ಅರಮನೆಯ ಸೊತ್ತಾಗಿ ಮಾತ್ರ ಉಳಿಯದೆ ಗೃಹಸ್ಥರು ತಿಳಿದಿರಬೇಕಾದ ಕೆಲಸವೆಂದು ಎಣಿಕೆಯಾಗಿತ್ತೆಂದು ತಿಳಿಯುತ್ತದೆ. ದುರ್ದೈವದಿಂದ ಹಳಗನ್ನಡ ಓದುವವರು ಕಾವ್ಯಗಳಿಗೆ ಕೊಟ್ಟ ಗಮನದ ಹತ್ತರಲ್ಲಿ ಒಂದು ಪಾಲನ್ನೂ ಈ ಗ್ರಂಥಕ್ಕೆ ಕೊಟ್ಟಿಲ್ಲ.

ಈ ಗ್ರಂಥಗಳ ಹಿಂದೆ ಇನ್ನೂ ಹಳೆಯ ಪರಂಪರೆ ಇದೆ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ‘ಗಂಧಯುಕ್ತಿ’, ಅಂದರೆ ಗಂಧದ್ರವ್ಯಗಳನ್ನು ಹದವರಿತು ಕೂಡಿಸುವ ಕಲೆ, ಎಂಬ ಅಧ್ಯಾಯವಿದ್ದು, ಹದಿನಾರು ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿ ಬೆರೆಸಿದರೆ 1,820 ಬಗೆಯ ಗಂಧಗಳಾಗುತ್ತವೆ ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಆರಿಸಿದ ನಾಲ್ಕು ದ್ರವ್ಯಗಳನ್ನು ಒಂದು, ಎರಡು, ಮೂರು, ನಾಲ್ಕು ಪಾಲಿನಂತೆ ಅದಲುಬದಲು ಮಾಡಿದರೆ ಪ್ರತಿಯೊಂದಕ್ಕೂ 24 ರೂಪಗಳು ಹುಟ್ಟಿ ಒಟ್ಟು 43,680 ಆಗುತ್ತದೆ. ವ್ಯಕ್ತಿಗೊಂದು ಗಂಧ ಎಂದು ಇಂದಿನ ಮಾರುಕಟ್ಟೆ ಹೇಳಿಕೊಳ್ಳುವ ಸಾಧ್ಯತೆಯನ್ನು ಹದಿನೈದು ಶತಮಾನಗಳ ಹಿಂದೆ ಒಬ್ಬ ಗಣಿತಜ್ಞ ಎಣಿಸಿಯೇ ಇಟ್ಟಿದ್ದ. ಇಷ್ಟು ವೈವಿಧ್ಯ ಕೈಯಲ್ಲಿದ್ದರೂ ಗಂಧದ ಆಯ್ಕೆಗೆ ಈ ಪರಂಪರೆ ಮುಖ್ಯವಾಗಿ ನೋಡುತ್ತಿದ್ದದ್ದು ಋತುವನ್ನು: ಬೇಸಗೆಗೆ ತಂಪಾದದ್ದು, ಚಳಿಗೆ ಬೆಚ್ಚಗಿನದು. ಸೋಮೇಶ್ವರನ ವಿಲೇಪನಗಳೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಒಬ್ಬನೇ ವ್ಯಕ್ತಿ ವರ್ಷದುದ್ದಕ್ಕೂ ಒಂದೇ ಗಂಧಕ್ಕೆ ಅಂಟಿಕೊಂಡು ಅದನ್ನೇ ತನ್ನ ಗುರುತೆಂದು ಸಾರುವ ಕಲ್ಪನೆ ಆ ಅರಸನಿಗೆ ವಿಚಿತ್ರವಾಗಿ ಕಾಣುತ್ತಿತ್ತು.

ಆ ಹಳೆಯ ವಿವೇಕದ ಬೆಲೆ ನಾಗಪುರದ ಬೇಸಗೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಮೇ ತಿಂಗಳಲ್ಲಿ ಇಲ್ಲಿನ ತಾಪಮಾನ 45 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದೂ ದಾಟುವುದೂ ಉಂಟು. ಸುಗಂಧವೆಂಬುದು ಆವಿಯಾಗುವ ಅಣುಗಳ ಆಟ. ಹಗುರವಾದ ಅಣುಗಳು ಬೇಗ ಹಾರಿಹೋಗುತ್ತವೆ, ಭಾರವಾದವು ಚರ್ಮದ ಮೇಲೆ ನಿಲ್ಲುತ್ತವೆ. ಈ ಕಾರಣದಿಂದಲೇ ಸುಗಂಧ ತಯಾರಕರು ಒಂದು ಮಿಶ್ರಣವನ್ನು ಮೂರು ಹಂತಗಳಾಗಿ ಕಲ್ಪಿಸುತ್ತಾರೆ: ಹಚ್ಚಿದ ಕೂಡಲೆ ಮೂಗಿಗೆ ತಾಕಿ ನಿಮಿಷಗಳಲ್ಲಿ ಮಾಯವಾಗುವ ನಿಂಬೆ, ಕಿತ್ತಳೆಯಂಥ ಮೇಲಿನ ಹಂತ, ಕೆಲವು ಗಂಟೆ ಉಳಿಯುವ ಹೂವುಗಳ ನಡುವಿನ ಹಂತ, ಮರುದಿನವೂ ಬಟ್ಟೆಯಲ್ಲಿ ಉಳಿದಿರುವ ಶ್ರೀಗಂಧ, ಲಾವಂಚ, ಕಸ್ತೂರಿಗಳ ತಳದ ಹಂತ. ತಂಪು ನಾಡಿನ ಕೋಣೆಯಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳಬೇಕಾದ ಈ ಕ್ರಮ ವಿದರ್ಭದ ಒಣ ಬಿಸಿಲಿನಲ್ಲಿ ಅವಸರದಿಂದ ಮುಗಿದುಹೋಗುತ್ತದೆ. ಹೀಗಾಗಿ ಪ್ಯಾರಿಸ್ಸಿನಲ್ಲಿ ‘ಸೌಮ್ಯ’ ಎನಿಸಿಕೊಂಡ ಹೂವಿನ ಸೀಸೆ ರಾಮದಾಸಪೇಠ್‌ನ ಮಧ್ಯಾಹ್ನದಲ್ಲಿ ಮೊದಲು ತೀಕ್ಷ್ಣವಾಗಿಯೂ ಆಮೇಲೆ ಇಲ್ಲವೇ ಇಲ್ಲ ಎಂಬಂತೆಯೂ ತೋರಬಹುದು. ಧರಿಸಿದವರ ಸ್ವಭಾವ ಬದಲಾದದ್ದಲ್ಲ, ಗಾಳಿ ಬದಲಾದದ್ದು. ಈ ಊರಿನ ಬೇಸಗೆಯ ನಿಜವಾದ ಗಂಧ ಸೀಸೆಯಲ್ಲಿ ಬರುವುದೇ ಇಲ್ಲ. ಮರಾಠಿಯಲ್ಲಿ ವಾಳಾ ಎಂದೂ ಕನ್ನಡದಲ್ಲಿ ಲಾವಂಚ ಎಂದೂ ಕರೆಯುವ ಹುಲ್ಲಿನ ಬೇರನ್ನು ಕೂಲರುಗಳ ಜಾಲರಿಗೆ ತುಂಬಿ ನೀರು ಹರಿಸಿದಾಗ, ಮಣ್ಣಿನ ಮೇಲೆ ಮೊದಲ ಮಳೆ ಬಿದ್ದಂಥ ಕಂಪು ಮನೆಯನ್ನು ತುಂಬುತ್ತದೆ. ಅದರಡಿಯಲ್ಲಿ ಮಲಗೆದ್ದವರ ಉಡುಪಿಗೆಲ್ಲ ಆ ಒಂದೇ ಗಂಧ ಹಿಡಿದಿರುತ್ತದೆ.

ಮಲ್ಲಿಗೆಯ ವಿಷಯ ಇನ್ನಷ್ಟು ವಿವರವಾಗಿ ಹೇಳಬೇಕಾದದ್ದು. ಕನ್ನಡನಾಡಿನಲ್ಲಿ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಎಂಬ ಮೂರು ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಊರಿನ ಹೆಸರನ್ನು ಆ ಊರಿನ ಬೆಳೆ ಮಾತ್ರ ಹೊರಬಹುದೆಂಬ ಕಾನೂನಿನ ರಕ್ಷಣೆ, ದೊರೆತಿದೆ. ಉಡುಪಿ ಮಲ್ಲಿಗೆಯ ಕೇಂದ್ರವಾದ ಶಂಕರಪುರದಲ್ಲಿ ಮೊಗ್ಗನ್ನು ಬೆಳಿಗ್ಗೆಯೇ, ಅದು ಬಿರಿಯುವ ಎಷ್ಟೋ ಹೊತ್ತಿನ ಮುಂಚೆ ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ಅಲ್ಲಿನ ಅಳತೆ. ಅಟ್ಟೆಯ ದರ ದಿನದಿನವೂ ಹೊಸದಾಗಿ ನಿಗದಿಯಾಗುತ್ತದೆ. ಕೊಯ್ಯುವಾಗ ಮೊಗ್ಗಿನಲ್ಲಿ ಹೇಳಿಕೊಳ್ಳುವಂಥ ಕಂಪಿರುವುದಿಲ್ಲ. ಗಂಧದ ಅಣುಗಳು ಅದರೊಳಗೆ ಸಕ್ಕರೆಗೆ ಅಂಟಿಕೊಂಡು ಕಟ್ಟುಬಿದ್ದಿದ್ದು, ಸಂಜೆ ಹೂವು ಅರಳುವ ಹೊತ್ತಿಗೆ ಬಿಡುಗಡೆಯಾಗುತ್ತವೆ; ಗಿಡದಿಂದ ಬೇರ್ಪಟ್ಟು ಗಂಟೆಗಳು ಕಳೆದ ಮೇಲೆಯೂ ಮಲ್ಲಿಗೆ ಕಂಪನ್ನು ಹುಟ್ಟಿಸುತ್ತಲೇ ಇರುತ್ತದೆ. ಎಳ್ಳಿನ ನಡುವೆ ಹಾಸಿದ ಹೂವು ರಾತ್ರಿಯಿಡೀ ಕೆಲಸ ಮಾಡುವುದು ಈ ಗುಣದಿಂದಲೇ.

ಮಲ್ಲಿಗೆಯ ಕಂಪನ್ನು ಬಿಡಿಸಿ ನೋಡಿದರೆ ಅದರಲ್ಲಿ ಬೆಂಜೈಲ್ ಅಸಿಟೇಟ್ ಎಂಬ ಹಣ್ಣಿನ ಸಿಹಿಯುಳ್ಳ ಸಂಯುಕ್ತ, ಲಿನಲೂಲ್ ಎಂಬ ಹಗುರವಾದ ಹೂಗಂಧ, ಇವುಗಳ ಜೊತೆಗೆ ಇಂಡೋಲ್ ಎಂಬ ಇನ್ನೊಂದು ವಸ್ತು ಸಿಗುತ್ತದೆ. ಈ ಇಂಡೋಲ್ ಗಾಢವಾಗಿದ್ದಾಗ ನುಸಿಗುಳಿಗೆಯಂತೆಯೂ ಕೊಳೆತದ್ದರಂತೆಯೂ ನಾರುತ್ತದೆ. ಅತ್ಯಲ್ಪ ಪ್ರಮಾಣದಲ್ಲಿದ್ದಾಗ ಮಾತ್ರ ಮಲ್ಲಿಗೆಗೆ ಅದರ ಆಳವನ್ನೂ ಮಾದಕತೆಯನ್ನೂ ಕೊಡುತ್ತದೆ. ಇಂಡೋಲನ್ನು ಪೂರ್ತಿಯಾಗಿ ತೆಗೆದು ಮಾಡಿದ ಕೃತಕ ಮಲ್ಲಿಗೆ ಸ್ವಚ್ಛವಾಗಿರುತ್ತದೆ, ಸಾಬೂನಿನಂತಿರುತ್ತದೆ, ಆದರೆ ಮುಡಿದ ಹೂವಿನಂತಿರುವುದಿಲ್ಲ. ಒಂದೇ ಮಲ್ಲಿಗೆಯನ್ನು ಒಬ್ಬರು ದೇವರ ಕೋಣೆಗೂ ಇನ್ನೊಬ್ಬರು ಶೃಂಗಾರಕ್ಕೂ ಹೊಂದಿಸುವುದು ಈ ಎರಡೂ ಮುಖಗಳು ಹೂವಿನಲ್ಲಿಯೇ ಇರುವುದರಿಂದ ಸಾಧ್ಯವಾಗಿದೆ; ಹೀಗಿರುವಾಗ ಮಲ್ಲಿಗೆ ಧರಿಸುವವರ ಸ್ವಭಾವ ಇಂಥದ್ದೇ ಎಂದು ಹೇಳಲು ಮಲ್ಲಿಗೆಯೇ ಒಪ್ಪುವುದಿಲ್ಲ.

ಹೂವಿನ ಅತ್ತರಿನಲ್ಲಿ ಕನ್ನಡನಾಡಿನ ಪಾಲು ಹೂವಿನಷ್ಟಕ್ಕೇ ಮುಗಿಯುವುದಿಲ್ಲ. ಕನೌಜಿನ ಸಾಂಪ್ರದಾಯಿಕ ಕ್ರಮದಲ್ಲಿ ತಾಮ್ರದ ಹಂಡೆಯಾದ ದೇಗ್‌ನಲ್ಲಿ ಹೂವನ್ನು ನೀರಿನೊಂದಿಗೆ ಕುದಿಸಿ, ಹಬೆಯನ್ನು ಬಿದಿರಿನ ಕೊಳವೆಯ ಮೂಲಕ ಭಪ್ಕಾ ಎಂಬ ಇನ್ನೊಂದು ಪಾತ್ರೆಗೆ ಹಾಯಿಸುತ್ತಾರೆ. ಆ ಪಾತ್ರೆಯಲ್ಲಿ ಮೊದಲೇ ಕಾದಿರುವುದು ಶ್ರೀಗಂಧದ ಎಣ್ಣೆ. ಹೂವಿನ ಆವಿ ಅದರಲ್ಲಿ ಇಳಿದು ನೆಲೆಸುತ್ತದೆ, ಮರುದಿನ ಹೊಸ ಹೂವು, ಮತ್ತೆ ಅದೇ ಎಣ್ಣೆ. ಎಳ್ಳಿನ ಪದ್ಧತಿಯೇ ಇಲ್ಲಿ ಬೆಂಕಿಯ ಸಹಾಯದಿಂದ ನಡೆಯುತ್ತದೆ ಎನ್ನಬಹುದು. ಶ್ರೀಗಂಧದ ಅಣುಗಳು ಭಾರವಾದವು, ನಿಧಾನವಾಗಿ ಆವಿಯಾಗುವಂಥವು. ಹಾರಿಹೋಗಲು ಆತುರಪಡುವ ಹೂವನ್ನು ಅವು ತಡೆದು ಹಿಡಿಯುತ್ತವೆ. ಟಿಪ್ಪು ಸುಲ್ತಾನನ ಕಾಲದಿಂದ ರಾಜವೃಕ್ಷವಾಗಿ ರಕ್ಷಣೆ ಪಡೆದ ಈ ಮರದ ಕೊರಡುಗಳು ಮೊದಲ ಮಹಾಯುದ್ಧದಿಂದಾಗಿ ಹೊರದೇಶಕ್ಕೆ ಸಾಗದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1916ರಲ್ಲಿ ಎಣ್ಣೆಯನ್ನು ತಾನೇ ಬಟ್ಟಿ ಇಳಿಸಲಾರಂಭಿಸಿತು. ಶ್ರೀಗಂಧ ದುಬಾರಿಯಾದ ಮೇಲೆ ಅಗ್ಗದ ಅತ್ತರುಗಳಲ್ಲಿ ಅದರ ಜಾಗಕ್ಕೆ ಗಂಧವಿಲ್ಲದ ಖನಿಜತೈಲ ಬಂದಿದೆ. ಹತ್ತಿಯ ಸಣ್ಣ ಉಂಡೆಯನ್ನು ಅತ್ತರಿನಲ್ಲಿ ಅದ್ದಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವ ಹಿರಿಯರು ಸಂಜೆಯ ಹೊತ್ತಿಗೆ ಆ ಉಂಡೆಯನ್ನು ಮತ್ತೆ ಮೂಸಿದ ಕೂಡಲೇ ಈ ವ್ಯತ್ಯಾಸವನ್ನು ಹೇಳಿಬಿಡುತ್ತಾರೆ.

ಇನ್ನು ವ್ಯಕ್ತಿತ್ವದ ವಿಚಾರ. ಮನಶ್ಶಾಸ್ತ್ರಜ್ಞರು ವ್ಯಕ್ತಿತ್ವ ಎನ್ನುವುದು ಒಬ್ಬರ ಆಲೋಚನೆ, ಭಾವನೆ, ವರ್ತನೆಗಳಲ್ಲಿ ಬಹುಕಾಲ ಸ್ಥಿರವಾಗಿ ಕಾಣುವ ಮಾದರಿಯನ್ನು. ಜನರ ಸಂಗದಲ್ಲಿ ಹುರುಪುಗೊಳ್ಳುವ ಬಹಿರ್ಮುಖತೆ, ಏಕಾಂತದಲ್ಲಿ ನೆಮ್ಮದಿ ಕಾಣುವ ಅಂತರ್ಮುಖತೆ ಇಂಥ ಮಾದರಿಗಳು. ಜರ್ಮನಿಯಲ್ಲಿ 1980ರ ದಶಕದಲ್ಲಿ ಯೋಆಖಿಮ್ ಮೆನ್ಸಿಂಗ್ ಮತ್ತು ಕ್ರಿಸ್ಟಾ ಬೆಕ್ ಎಂಬವರು, ಬಹಿರ್ಮುಖಿಗಳು ತಾಜಾ ಗಂಧಗಳನ್ನೂ, ಅಂತರ್ಮುಖಿಗಳು ಸಾಂಬಾರ ಹಾಗೂ ರಾಳಗಳ ಗಾಢ ಗಂಧಗಳನ್ನೂ, ಭಾವನೆಗಳಲ್ಲಿ ತೂಗಾಡುವವರು ಹೂವಿನ ನವಿರಾದ ಗಂಧಗಳನ್ನೂ ಮೆಚ್ಚುತ್ತಾರೆ ಎಂಬ ವಾದವನ್ನು ಮುಂದಿಟ್ಟರು. ವಾರಪತ್ರಿಕೆಗಳ ‘ನಿಮ್ಮ ಹೂವು ಯಾವುದು’ ಎಂಬ ಪುಟಗಳು ಇಂಥ ವಾದಗಳನ್ನು ಇನ್ನಷ್ಟು ಸರಳಗೊಳಿಸಿ ಹಂಚುತ್ತವೆ.

ಈ ಪುಟಗಳು ಓದುವವರಿಗೆ ನಿಜವೆಂದೇ ತೋರುವುದೇಕೆ ಎಂಬುದಕ್ಕೆ ಉತ್ತರ ಬೇರೊಂದು ಪ್ರಯೋಗದಲ್ಲಿದೆ. 1948ರಲ್ಲಿ ಅಮೆರಿಕದ ಬರ್ಟ್ರಂ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ಅವರವರದೇ ಎಂಬಂತೆ ಸ್ವಭಾವದ ವಿವರಣೆಯನ್ನು ಹಂಚಿದರು. ನಿಜದಲ್ಲಿ ಎಲ್ಲರಿಗೂ ಸಿಕ್ಕಿದ್ದು ಒಂದೇ ವಿವರಣೆ. ಐದಕ್ಕೆ ಸರಾಸರಿ 4.26ರಷ್ಟು ಅಂಕ ಕೊಟ್ಟು ವಿದ್ಯಾರ್ಥಿಗಳು ಅದು ತಮಗೆ ಚೆನ್ನಾಗಿ ಹೊಂದುತ್ತದೆ ಎಂದರು. ‘ಮಲ್ಲಿಗೆಯನ್ನು ಮೆಚ್ಚುವವರು ಹೊರಗೆ ಶಾಂತರು, ಒಳಗೆ ತೀವ್ರ ಭಾವನೆಯವರು’ ಎಂಬ ಮಾತು ಯಾರಿಗೆ ಹೊಂದುವುದಿಲ್ಲ?

ಹಾಗೆಂದು ಗಂಧಕ್ಕೂ ವ್ಯಕ್ತಿಗೂ ಸಂಬಂಧವೇ ಇಲ್ಲವೆನ್ನುವುದು ಇನ್ನೊಂದು ತಪ್ಪು. ಪೋಲೆಂಡಿನ ಅಗ್ನ್ಯೆಷ್ಕಾ ಸೊರೊಕೊವ್‌ಸ್ಕಾ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಗಂಧವನ್ನು ಹಚ್ಚದೆ ಮೂರು ರಾತ್ರಿ ಹತ್ತಿಯ ಅಂಗಿ ತೊಟ್ಟು ಮಲಗಿದವರ ಮೈಗಂಧವನ್ನು ಅಪರಿಚಿತರು ಮೂಸಿ ನೋಡಿ ಊಹಿಸಿದ ಕೆಲವು ಗುಣಗಳು, ಧರಿಸಿದವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದಕ್ಕೆ ಸ್ವಲ್ಪಮಟ್ಟಿಗೆ ಹೊಂದಿದವು. ಅದೇ ವರ್ಷ ಪ್ರಾಗ್‌ನ ಸಂಶೋಧಕರು, ಒಬ್ಬರ ಮೈಗಂಧದೊಡನೆ ಅವರೇ ಆರಿಸಿಕೊಂಡ ಸುಗಂಧ ಬೆರೆತಾಗ ಆ ಮಿಶ್ರಣ, ಬೇರೆಯವರು ಕೊಟ್ಟ ಸುಗಂಧ ಬೆರೆತದ್ದಕ್ಕಿಂತ ಹೆಚ್ಚು ಹಿತವಾಗಿ ತೋರುತ್ತದೆ ಎಂದು ಕಂಡುಕೊಂಡರು. ಇದಕ್ಕೂ ಮೊದಲೇ, 2001ರಲ್ಲಿ, ಮಾನ್‌ಫ್ರೆಡ್ ಮಿಲಿನ್‌ಸ್ಕಿ ಮತ್ತು ಕ್ಲಾಸ್ ವೆಡೆಕಿಂಡ್ ಎಂಬ ಜೀವವಿಜ್ಞಾನಿಗಳು ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಒಂದು ಜೀನುಗಳ ಗುಂಪು ಮತ್ತು ತಮಗಾಗಿ ಆರಿಸುವ ಗಂಧದ್ರವ್ಯಗಳ ನಡುವೆ ಹೊಂದಿಕೆಯನ್ನು ಗುರುತಿಸಿದ್ದರು. ಮನುಷ್ಯ ತನ್ನ ಮೈಗೆ ಒಗ್ಗುವುದನ್ನು ಮೂಗಿನಿಂದಲೇ ತಡಕಿ ಆರಿಸಿಕೊಳ್ಳುತ್ತಾನೆ ಎಂಬಷ್ಟನ್ನು ಇವು ಸೂಚಿಸುತ್ತವೆ. ಹೂವಿನ ಹೆಸರಿನಿಂದ ಗುಣವನ್ನು ಓದಬಹುದೆಂಬುದಕ್ಕೆ ಇವು ಆಧಾರವಾಗುವುದಿಲ್ಲ.

ಮೂಗುಗಳೂ ಒಂದೇ ಬಗೆಯವಲ್ಲ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿ, 2004ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದ ಘ್ರಾಣಗ್ರಾಹಕಗಳು, ಅಂದರೆ ಮೂಗಿನೊಳಗೆ ಗಂಧದ ಅಣುವನ್ನು ಹಿಡಿಯುವ ಸಂರಚನೆಗಳು, ಮನುಷ್ಯರಲ್ಲಿ ಸುಮಾರು 400 ಬಗೆಯವು ಕೆಲಸ ಮಾಡುತ್ತವೆ. ಅವುಗಳಲ್ಲಿ ಒಂದರಲ್ಲಿ ಆದ ಸಣ್ಣ ವ್ಯತ್ಯಾಸದಿಂದ ವಯೊಲೆಟ್ ಹೂವಿನ ಗಂಧವಾದ ಬೀಟಾ ಅಯೊನೋನ್ ಕೆಲವರಿಗೆ ಸೊಗಸಾದ ಹೂವಾಗಿಯೂ ಇನ್ನು ಕೆಲವರಿಗೆ ಮಂಕಾಗಿ, ಹುಳಿಯಾಗಿಯೂ ತೋರುತ್ತದೆ. ಧರಿಸಿದವರ ಮೂಗಂತೂ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗಿ ತಮ್ಮ ಕಂಪು ತಮಗೇ ತಿಳಿಯದಂತಾಗುತ್ತದೆ.

ಈ ಗ್ರಾಹಕಗಳಿಂದ ಹೊರಟ ಸಂದೇಶ ಕಣ್ಣು ಕಿವಿಗಳ ಸಂದೇಶದಂತೆ ಸುತ್ತು ಹಾಕದೆ, ಭಾವನೆ ಮತ್ತು ನೆನಪಿನ ನೆಲೆಗಳಾದ ಮಿದುಳಿನ ಭಾಗಗಳನ್ನು ನೇರವಾಗಿ ಸೇರುತ್ತದೆ. ಕನ್ನಡದ ಆದಿಕವಿ ಪಂಪನಿಗೆ ಈ ಅಂಗರಚನೆ ತಿಳಿದಿರಲಿಲ್ಲ; ಅದರ ಪರಿಣಾಮ ತಿಳಿದಿತ್ತು. ಇಂದಿನ ತೆಲಂಗಾಣದ ವೇಮುಲವಾಡದಲ್ಲಿ ಅರಿಕೇಸರಿಯ ಆಸ್ಥಾನದಲ್ಲಿದ್ದು 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಕವಿ ಬನವಾಸಿಯನ್ನು ನೆನಪಿಗೆ ತರುವ ಕಾರಣಗಳನ್ನು ಎಣಿಸುವಾಗ ತೆಂಕಣದ ಗಾಳಿ, ಇಂಪಾದ ಹಾಡು ಇವುಗಳ ಜೊತೆಗೆ ಅರಳಿದ ಮಲ್ಲಿಗೆಯನ್ನೂ ಸೇರಿಸಿದ್ದಾನೆ. ಪರನಾಡಿನಲ್ಲಿರುವ ಕನ್ನಡಿಗರ ಸುಗಂಧದ ಆಯ್ಕೆಯನ್ನು ಅರ್ಥಮಾಡಿಕೊಳ್ಳಲು ಈ ಒಂದು ಪದ್ಯದ ತಿಳಿವಳಿಕೆ ಎಲ್ಲ ವ್ಯಕ್ತಿತ್ವ ಪರೀಕ್ಷೆಗಳಿಗಿಂತ ಹೆಚ್ಚು ನೆರವಾಗುತ್ತದೆ. ನಾಗಪುರದಲ್ಲಿ ನೆಲೆಸಿದ ಕನ್ನಡ ಗೃಹಿಣಿಯೊಬ್ಬರು ಮೋಗ್ರಾ, ಅಂದರೆ ಮಲ್ಲಿಗೆ, ಎಂಬ ಹಣೆಪಟ್ಟಿಯ ಸೀಸೆಯನ್ನು ಆರಿಸಿದರೆ, ಅದು ಅವರ ಕೋಮಲತೆಯನ್ನೋ ಧೈರ್ಯವನ್ನೋ ಸಾರುವುದಕ್ಕಿಂತ, ತವರಿನ ಹಿತ್ತಲಿನ ಒಂದು ಚಪ್ಪರವನ್ನು ಸಾರುವ ಸಂಭವವೇ ಹೆಚ್ಚು.

ಒಡನಾಟದ ಈ ಗುರುತು ಯಾವಾಗಲೂ ಸಿಹಿಯಾಗಿರಲಿಲ್ಲ ಎಂಬುದನ್ನು ಮರೆಮಾಚಬಾರದು. ಮುಡಿಯಲ್ಲಿರುವ ಹೂವು ಶತಮಾನಗಳ ಕಾಲ ಹೆಣ್ಣಿನ ಮುತ್ತೈದೆತನದ ಲಾಂಛನವಾಗಿತ್ತು. ಗಂಡ ಸತ್ತ ದಿನ ಕುಂಕುಮ ಬಳೆಗಳೊಂದಿಗೆ ಹೂವನ್ನೂ ಕಿತ್ತುಹಾಕುವ ಕ್ರೌರ್ಯವನ್ನು ಸಮಾಜ ಸಂಪ್ರದಾಯವೆಂದು ಕರೆಯಿತು. ಹತ್ತು ಹನ್ನೆರಡು ವರ್ಷದ ಬಾಲವಿಧವೆಯರು ಮದುವೆಯ ಮನೆಯ ಪನ್ನೀರು, ಅತ್ತರುಗಳ ಹತ್ತಿರ ಸುಳಿಯಬಾರದೆಂಬ ಕಟ್ಟಳೆಯ ನಡುವೆ, ಹೂವು ಕಟ್ಟಿ ಬೇರೆಯವರಿಗೆ ಕೊಡುತ್ತ ಬಾಳು ಸವೆಸಿದರು. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಉಡುಗೆತೊಡುಗೆಯನ್ನೆಲ್ಲ ತೊರೆದೂ ತನ್ನ ವಚನಗಳ ಅಂಕಿತದಲ್ಲಿ, ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ, ಮಲ್ಲಿಗೆಯನ್ನು ಉಳಿಸಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ ಮನಸ್ಸು ತುಂಬಿಬರುತ್ತದೆ. ಸೀಸೆಯಲ್ಲಿ ಬಂದ ಹೂವು ಮಾಡಿದ ದೊಡ್ಡ ಉಪಕಾರ ಇಲ್ಲಿದೆ: ಅದು ಕಣ್ಣಿಗೆ ಕಾಣುವುದಿಲ್ಲ. ಮದುವೆಯಾದವರು, ಆಗದವರು, ಗಂಡನನ್ನು ಕಳೆದುಕೊಂಡವರು, ಹೂವಿನ ಕಂಪನ್ನು ಮೆಚ್ಚುವ ಗಂಡಸರು ಎಲ್ಲರೂ ಯಾರ ಅಪ್ಪಣೆಯನ್ನೂ ಕೇಳದೆ ಮಣಿಕಟ್ಟಿಗೆ ಒಂದು ಹನಿ ಹಚ್ಚಿಕೊಂಡು ಹೊರಡಬಹುದು. ಸುಗಂಧವು ವ್ಯಕ್ತಿತ್ವವನ್ನು ತೋರಿಸುತ್ತದೆಯೋ ಇಲ್ಲವೋ, ವ್ಯಕ್ತಿಯಾಗಿ ಆರಿಸುವ ಹಕ್ಕನ್ನಂತೂ ಹೀಗೆ ಸದ್ದಿಲ್ಲದೆ ಕೊಟ್ಟಿದೆ.

ಧರಿಸಿದವರ ಹೆಸರೇ ಹೂವಿನ ಕಂಪಿಗೆ ಉಳಿದ ಉದಾಹರಣೆಯೂ ಒಂದಿದ್ದು, ಅದು ಕಿತ್ತಳೆಯ ನಗರವಾದ ನಾಗಪುರಕ್ಕೆ ಹೊಂದುವಂಥದ್ದು. ಕಹಿ ಕಿತ್ತಳೆಯ ಹೂವಿನಿಂದ ಬಟ್ಟಿ ಇಳಿಸಿದ ಎಣ್ಣೆಗೆ ನೆರೋಲಿ ಎಂಬ ಹೆಸರು ಬಂದದ್ದು, ಹದಿನೇಳನೆಯ ಶತಮಾನದಲ್ಲಿ ಇಟಲಿಯ ನೆರೋಲಾ ಎಂಬ ಸಣ್ಣ ಸಂಸ್ಥಾನದ ರಾಣಿ ಅದನ್ನು ತನ್ನ ಕೈಗವಸುಗಳಿಗೆ ಹಚ್ಚಿ ಪ್ರಚಾರಕ್ಕೆ ತಂದದ್ದರಿಂದ ಎಂದು ಪ್ರತೀತಿ. ಸುಮಾರು ಒಂದು ಟನ್ ಹೂವಿಗೆ ಒಂದು ಕಿಲೋದಷ್ಟು ಎಣ್ಣೆ ಸಿಗುತ್ತದೆ. ರಾಮದಾಸಪೇಠ್‌ನಲ್ಲಿ ಈ ಹೆಸರಿನ ಸೀಸೆಯನ್ನು ಕೊಳ್ಳುವವರಿಗೆ ಸಿಗುವುದು ಮೆಡಿಟರೇನಿಯನ್ ತೀರದ ಕಹಿ ಕಿತ್ತಳೆಯ ಕಂಪೇ ಹೊರತು, ಕೊಡಗಿನ ಕಿತ್ತಳೆಯ ಜಾತಿಗೇ ಸೇರಿದ, 2014ರಲ್ಲಿ ಭೌಗೋಳಿಕ ಸೂಚಕ ಪಡೆದ ನಾಗಪುರದ ಸಂತ್ರೆಯದಲ್ಲ. ಸಂತ್ರೆಯ ಹೂವನ್ನು ಮೂಸಬೇಕಾದರೆ ಕಾಟೋಲ್, ನರಖೇಡ್ ಕಡೆಯ ತೋಟಗಳಿಗೆ ಹೋಗಬೇಕು. ಅಲ್ಲಿನ ರೈತರು ಹೂವಿನ ಕಾಲವನ್ನು ಬಹಾರ್ ಎನ್ನುತ್ತಾರೆ. ಜನವರಿ ಫೆಬ್ರುವರಿಯದು ಆಂಬಿಯಾ ಬಹಾರ್, ಮೃಗಶಿರಾ ಮಳೆಯೊಡನೆ ಬರುವುದು ಮೃಗ ಬಹಾರ್. ಆಂಬಿಯಾ ಬಹಾರ್‌ಗಾಗಿ ಡಿಸೆಂಬರಿನಲ್ಲಿ ಗಿಡಗಳಿಗೆ ನೀರು ನಿಲ್ಲಿಸಿ, ಎಲೆ ಬಾಡುವವರೆಗೆ ಕಾದು, ಆಮೇಲೆ ಮತ್ತೆ ನೀರು ಬಿಟ್ಟಾಗ ಕೆಲವು ವಾರಗಳಲ್ಲಿ ಕೊಂಬೆಕೊಂಬೆಯೂ ಬೆಳ್ಳಗಾಗುತ್ತದೆ. ಆ ದಿನಗಳಲ್ಲಿ ಪಾತಿ ತಿದ್ದಿ ಸಂಜೆ ಮನೆಗೆ ಮರಳುವ ಕೂಲಿ ಹೆಂಗಸರ ಸೆರಗಿನಲ್ಲಿ, ಬೆವರಿನ ಜೊತೆಗೆ, ಸಂತ್ರೆಯ ಹೂವಿನ ಕಂಪು ರಾತ್ರಿಯವರೆಗೂ ಇರುತ್ತದೆ.